ಮಾರಿ ಅಂದರೆ ಬೈಗುಳವಲ್ಲ

ರಾಯಚೂರಿನ ಹುಡುಗಿ ಬೆಂಗಳೂರಿನ ಹಾಸ್ಟೆಲಿನಲ್ಲಿ “ತಡಿ ಅಕ್ಕಾ, ಮಾರಿ ತೊಳ್ಕೊಂಡ್ ಬರ್ತೀನಿ” ಅಂದರೆ ಸುತ್ತ ಇದ್ದವರು ಕಿಸಕ್ಕನೆ ನಗುತ್ತಾರೆ. ಮಾರಿ ಅಂದರೆ ಮಾರಮ್ಮ ಅಲ್ವಾ ಅಂತ ಕೇಳುತ್ತಾರೆ. ಈ ನಗು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮಾರಿ ಅಂದರೆ ಮುಖ, ಅಷ್ಟೇ. ಕೂಸಿನ ಮಾರಿಗೆ ಪೌಡರ್ ಹಚ್ಚುತ್ತಾರೆ. ಬಯಲಾಟದವರು ಮಾರಿಗೆ ಬಣ್ಣ ಹಚ್ಚುತ್ತಾರೆ. ಎದ್ದು ಯಾರ ಮಾರಿ ನೋಡಿದೆನೋ ಅಂತ ಕೆಲಸ ಕೆಟ್ಟಾಗ ಇನ್ನೊಬ್ಬರನ್ನು ದೂರುವುದು ಮೂಢನಂಬಿಕೆ, ನಿಜ. ಆದರೆ ಅಲ್ಲೂ ಮಾರಿ ಅಂದರೆ ಮುಖವೇ. ಉಚ್ಚಾರ ಒಂದೇ ಅಂದ ಮಾತ್ರಕ್ಕೆ ಅರ್ಥ ಒಂದಾಗುವುದಿಲ್ಲ. ಹತ್ತು ರೂಪಾಯಿಗೂ ಗುಡ್ಡ ಹತ್ತುವುದಕ್ಕೂ ಏನು ನಂಟು?

ಮುಖದ ಒರಟು ಹೆಸರುಗಳು ಎಲ್ಲಿಂದ ಬರುತ್ತವೆ ಅನ್ನುವುದು ನಿಜವಾಗಿ ಸೊಗಸಾದ ವಿಷಯ. ಹೆಚ್ಚಿನವು ಹುಟ್ಟುವುದು ಬಾಯಿಯಲ್ಲಿ. ಮೂತಿ, ಮುಸುಡಿ ಅಂದರೆ ಪ್ರಾಣಿಗಳ ಮುಂಚಾಚಿದ ಬಾಯಿ, ಮೂಗಿನ ಭಾಗ. ಸಿಟ್ಟು ಬಂದಾಗ ಅದನ್ನೇ ಮನುಷ್ಯನ ಮೇಲೆ ಎಸೆಯುತ್ತೇವೆ. ಫ್ರೆಂಚರೂ ಅದನ್ನೇ ಮಾಡುತ್ತಾರೆ. ಅವರ ‘ಗ್ಯೋಲ್’ ಪ್ರಾಣಿಯ ಬಾಯಿ, ಬೈಯುವಾಗ ಮನುಷ್ಯನ ಮುಖ. ಜರ್ಮನ್ನರ ‘ಫ್ರೆಸ್ಸೆ’ ಬಂದದ್ದು ಪ್ರಾಣಿಗಳು ತಿನ್ನುವುದಕ್ಕೆ ಇರುವ ಕ್ರಿಯಾಪದದಿಂದ. ನಾವು ಮರ್ಯಾದೆಯ ಪದ ಅಂದುಕೊಂಡಿರುವ ‘ಮುಖ’ಕ್ಕೂ ಸಂಸ್ಕೃತದಲ್ಲಿ ಬಾಯಿ ಅನ್ನುವ ಅರ್ಥ ಇದೆ. ಲ್ಯಾಟಿನ್ನಿನ ‘ಓಸ್’ ಕೂಡ ಬಾಯಿಯೂ ಹೌದು, ಮುಖವೂ ಹೌದು.

ಒಂದರ ಹೆಸರು ಅದಕ್ಕೆ ಅಂಟಿಕೊಂಡಿರುವ ಇನ್ನೊಂದಕ್ಕೆ ಜಾರುವುದನ್ನು ನಮ್ಮ ಅಲಂಕಾರಶಾಸ್ತ್ರದವರು ಲಕ್ಷಣೆ ಅಂದರು. ‘ಗಂಗೆಯಲ್ಲಿ ಹಟ್ಟಿ’ ಅವರ ಹಳೇ ಉದಾಹರಣೆ. ನೀರಿನ ಮೇಲೆ ಯಾರೂ ಹಟ್ಟಿ ಕಟ್ಟುವುದಿಲ್ಲ. ಗಂಗೆ ಅಂದಾಗ ಕೇಳುವವನಿಗೆ ದಂಡೆ ಹೊಳೆಯುತ್ತದೆ. ಹಾಗೇ ಬಾಯಿ ಅಂದಾಗ ಇಡೀ ಮುಖ ಹೊಳೆಯುತ್ತದೆ.

ಆದರೆ ಪದದ ಒರಟುತನ ಹುಟ್ಟಿನಿಂದ ಬರುವುದಲ್ಲ, ಬಳಸುವವರಿಂದ ಬರುತ್ತದೆ. ರಾಯಚೂರಿನ ತೆಲುಗು ಮನೆಯಲ್ಲಿ ತಾಯಿ ಉಂಡ ಮಗನಿಗೆ ಮೂತಿ ಒರೆಸಿಕೋ ಅಂತ ಮುದ್ದಿನಿಂದಲೇ ಹೇಳುತ್ತಾಳೆ. ತೆಲುಗಿನಲ್ಲಿ ಮೂತಿ ಅಂದರೆ ಸುಮ್ನೆ ಬಾಯಿ. ಪಕ್ಕದ ಕನ್ನಡ ಮನೆಯ ತಾಯಿ ‘ಬಾಯಿ ಒರೆಸ್ಕೋ’ ಅನ್ನುತ್ತಾಳೆ. ಅವಳ ಬಾಯಲ್ಲಿ ಮೂತಿ ಬಂತು ಅಂದರೆ ಮಗ ಏನೋ ತಪ್ಪು ಮಾಡಿದ್ದಾನೆ ಅಂತಲೇ. ಗೋಡೆ ಒಂದೇ, ಪದ ಒಂದೇ, ಬಿಸಿ ಮಾತ್ರ ಬೇರೆ.

ಆ ಬಿಸಿ ಆರಿಯೂ ಹೋಗುತ್ತದೆ. ಕಲಾಯಿ ಹಾಕಿದ ಪಾತ್ರೆ ತಿಕ್ಕಿ ತಿಕ್ಕಿ ಸವೆದ ಹಾಗೆ, ದಿನಾ ಬಳಸಿದ ಪದದ ತಮಾಷೆ ಸವೆಯುತ್ತದೆ. ಇದಕ್ಕೆ ಮುಖಕ್ಕಿಂತ ತಲೆಯ ಕಥೆ ಜಾಸ್ತಿ ಚೆಂದ. ಲ್ಯಾಟಿನ್ನಿನಲ್ಲಿ ತಲೆಗೆ ‘ಕಾಪುಟ್’ ಅನ್ನುತ್ತಿದ್ದರು. ‘ಟೆಸ್ಟಾ’ ಅಂದರೆ ಮಣ್ಣಿನ ಮಡಕೆ. ಆಡುಮಾತಿನವರು ತಲೆಗೆ ಮಡಕೆ ಅಂದರು. ಇವತ್ತು ಫ್ರೆಂಚಿನಲ್ಲಿ ತಲೆಗೆ ಇರುವ ಮಾಮೂಲಿ ಪದ ‘ತೆತ್’ ಆ ಮಡಕೆಯಿಂದಲೇ ಬಂದದ್ದು. ಕಾಪುಟ್‌ನಿಂದ ಬಂದ ‘ಶೆಫ್’ ಯಜಮಾನನ ಪಾಲಾಗಿದೆ. ಅಡುಗೆ ಮನೆಯ ಶೆಫ್ ಕೂಡ ಅದೇ. ಜರ್ಮನ್ನರ ‘ಕೊಪ್ಫ್’ ಮೊದಲು ಬಟ್ಟಲಾಗಿತ್ತು, ಈಗ ತಲೆ. ಇಂಗ್ಲಿಷಿನಲ್ಲಿ ಮುಖಕ್ಕೆ ಮಗ್ ಅನ್ನುತ್ತಾರೆ. 18ನೇ ಶತಮಾನದಲ್ಲಿ ವಿಕಾರ ಮುಖದ ಆಕಾರದ ಮಗ್ಗುಗಳು ಅಲ್ಲಿ ಬಳಕೆಯಲ್ಲಿದ್ದವು, ಪದ ಅಲ್ಲಿಂದ ಬಂದಿರಬೇಕು ಅನ್ನುತ್ತಾರೆ. ಪೊಲೀಸರು ಆರೋಪಿಯ ಫೋಟೋಕ್ಕೆ ಮಗ್‌ಶಾಟ್ ಅನ್ನುವುದೂ ಈ ಮಗ್‌ನಿಂದಲೇ.

ನಮ್ಮಲ್ಲೂ ಇದೆ. ಸೋರೆಕಾಯಿ ಒಣಗಿಸಿ ತಿರುಳು ತೆಗೆದರೆ ಉಳಿಯುವ ಗಟ್ಟಿ ಚಿಪ್ಪು ಬುರುಡೆ. ಹಿಂದೆ ಅದರಲ್ಲಿ ನೀರು ತುಂಬಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಈಗ ಡಾಕ್ಟರು ಎಕ್ಸ್‌ರೇ ಹಿಡಿದು ತಲೆಬುರುಡೆಗೆ ಪೆಟ್ಟಾಗಿಲ್ಲ ಅಂತ ಹೇಳಿದಾಗ ಯಾರಿಗೂ ಸೋರೆಕಾಯಿ ನೆನಪಾಗುವುದಿಲ್ಲ.