ಮಂಡಿಯ ನೀರು ತೆಗೆಸಿದರೆ ಮತ್ತೆ ಮತ್ತೆ ತುಂಬುತ್ತಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಎರಡು ತಿಂಗಳಿಂದ ಬಲಗಾಲಿನ ಮಂಡಿ ಊದಿಕೊಂಡಿದೆ. ನೀರು ತುಂಬಿದೆ, ಸೂಜಿ ಹಾಕಿ ತೆಗೆಯಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಒಂದು ಸಲ ತೆಗೆಸಿದರೆ ಮತ್ತೆ ಮತ್ತೆ ತುಂಬುತ್ತೆ, ಮಂಡಿಯ ಗ್ರೀಸೂ ಖಾಲಿಯಾಗುತ್ತೆ ಅಂತ ನೆಂಟರು ಹೆದರಿಸ್ತಿದ್ದಾರೆ. ನಿಜಾನಾ?

ಉತ್ತರ: ಮತ್ತೆ ತುಂಬಬಹುದು. ಆದರೆ ಸೂಜಿ ಹಾಕಿದ್ದಕ್ಕಲ್ಲ. ನೀರು ಬರಲು ಕಾರಣವಾದದ್ದು ಒಳಗೆ ಹಾಗೇ ಉಳಿದಿರುವುದಕ್ಕೆ. ಮಳೆಗಾಲದಲ್ಲಿ ಒಡೆದ ಹೆಂಚು ಬದಲಾಯಿಸದೆ ನೆಲ ಮಾತ್ರ ಒರೆಸಿದರೆ ನೀರು ಮತ್ತೆ ಸೋರುತ್ತೆ ಅಲ್ವಾ, ಹಾಗೆ. ಇಲ್ಲಿ ಆ ಹೆಂಚು ಅಂದರೆ ಕೀಲಿನ ಒಳಪೊರೆ. ಡಾಕ್ಟರುಗಳು ಅದನ್ನು ಸೈನೋವಿಯಲ್ ಪೊರೆ ಅನ್ನುತ್ತಾರೆ. ಮಂಡಿನೋವು ಅಂದ ತಕ್ಷಣ ಎಲ್ಲರೂ ಸವೆತದ ಮಾತಾಡುತ್ತಾರೆ. ಈ ಪೊರೆಯ ಬಗ್ಗೆ ಮಾತಾಡುವವರು ಕಡಿಮೆ.

ಎರಡು ಎಲುಬು ಸೇರುವ ಜಾಗವನ್ನು ಸುತ್ತಲೂ ಒಂದು ಗಟ್ಟಿ ಚೀಲ ಹಿಡಿದುಕೊಂಡಿರುತ್ತದೆ. ಅದರ ಒಳಮೈಗೆ ಈ ಪೊರೆ ಅಂಟಿಕೊಂಡಿರುತ್ತದೆ. ಮೇಲ್ಪದರದಲ್ಲಿ ಒಂದರಿಂದ ಮೂರು ಸಾಲು ಜೀವಕೋಶ, ಅಷ್ಟೇ. ಅದರಲ್ಲಿ ಎರಡು ಬಗೆ. ಒಂದು ಬಗೆಯವು ಕೀಲಿನೊಳಗಿನ ಕಸ ಗುಡಿಸುತ್ತವೆ. ಇನ್ನೊಂದು ಬಗೆಯವು ಲೋಳೆ ತಯಾರಿಸುತ್ತವೆ. ನಾವು ಗ್ರೀಸ್ ಅನ್ನುವುದು ಇದನ್ನೇ. ಸೈನೋವಿಯಾ ಅನ್ನೋ ಹೆಸರು ಬಳಕೆಗೆ ಬಂದದ್ದು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನಿಂದ. ಮೊಟ್ಟೆಯ ಬಿಳಿಲೋಳೆಯ ಹೋಲಿಕೆಯಿಂದ ಆ ಹೆಸರು ಬಂತು ಅಂತಾರೆ. ನೋಡಲೂ ಹಾಗೇ ಇರುತ್ತದೆ.

ಆರೋಗ್ಯವಾದ ಮಂಡಿಯಲ್ಲಿ ಈ ಲೋಳೆ ಎಷ್ಟಿರುತ್ತೆ ಗೊತ್ತಾ? ಸುಮಾರು 4 ಮಿಲಿಲೀಟರ್. ಒಂದು ಟೀ ಚಮಚವೂ ತುಂಬುವುದಿಲ್ಲ. ಆದರೆ ಅದಕ್ಕೆ ಕೆಲಸ ಜಾಸ್ತಿ. ಎಲುಬಿನ ತುದಿಯಲ್ಲಿರುವ ನುಣುಪಾದ ಕಾರ್ಟಿಲೇಜ್‌ಗೆ ಸ್ವಂತ ರಕ್ತನಾಳಗಳೇ ಇಲ್ಲ. ಅದರ ಊಟ ಮುಖ್ಯವಾಗಿ ಈ ಲೋಳೆಯಿಂದಲೇ ಬರಬೇಕು. ನಾವು ಹೆಜ್ಜೆ ಇಟ್ಟಾಗ ಕಾರ್ಟಿಲೇಜ್ ಅದುಮಿಕೊಳ್ಳುತ್ತೆ, ಕಾಲೆತ್ತಿದಾಗ ಸ್ಪಂಜಿನ ಹಾಗೆ ಹೀರಿಕೊಳ್ಳುತ್ತೆ. ನೋವು ಅಂತ ತಿಂಗಳುಗಟ್ಟಲೆ ಸುಮ್ನೆ ಮಲಗಿಬಿಡಬೇಡಿ ಅನ್ನುವುದು ಇದಕ್ಕೂ ಸೇರಿಯೇ.

ಪೊರೆ ಕೆರಳಿದರೆ ದಪ್ಪವಾಗುತ್ತದೆ, ಕೆಂಪಾಗುತ್ತದೆ. ಅದರ ರಕ್ತನಾಳಗಳಿಂದ ನೀರು ಒಸರುತ್ತದೆ. ಆಗ ತುಂಬಿಕೊಳ್ಳುವುದು ಗ್ರೀಸ್ ಅಲ್ಲ, ತೆಳುವಾದ ನೀರು. ಸೂಜಿಯಲ್ಲಿ ತೆಗೆದಾಗ ಇದು ಕಣ್ಣಿಗೇ ಕಾಣುತ್ತೆ. ಒಳ್ಳೆಯ ಲೋಳೆಯ ಹನಿಯನ್ನು ಸಿರಿಂಜಿನ ತುದಿಯಿಂದ ಬಿಟ್ಟರೆ ಒಂದೆರಡು ಅಂಗುಲ ದಾರದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ಕೆರಳಿದ ಕೀಲಿನದು ಟಪ್ ಟಪ್ ಅಂತ ನೀರಿನ ಹಾಗೆ ಬೀಳುತ್ತದೆ. ಬಣ್ಣವೂ ಮಬ್ಬು. ಅದನ್ನು ತೆಗೆದರೆ ಗ್ರೀಸ್ ಖಾಲಿಯಾಗುವುದಿಲ್ಲ. ಪೊರೆ ಲೋಳೆಯನ್ನು ಮಾಡುತ್ತಲೇ ಇರುತ್ತದೆ.

ಹಾಗೇ ಬಿಟ್ಟರೆ ಇನ್ನೊಂದು ತೊಂದರೆಯಿದೆ. ಮಂಡಿಯಲ್ಲಿ ನೀರು ತುಂಬಿದಾಗ ತೊಡೆಯ ಮುಂಭಾಗದ ಸ್ನಾಯು ತಾನಾಗೇ ಸಡಿಲವಾಗುತ್ತೆ. ಮೆಟ್ಟಿಲಿಳಿಯುವಾಗ ಕಾಲು ಕುಸಿದ ಹಾಗೆ ಆಗುವುದು ಎಷ್ಟೋ ಸಲ ಇದರಿಂದ.

ಇನ್ನು ಪೊರೆ ಯಾಕೆ ಕೆರಳಿತು? ನಿಮ್ಮಮ್ಮನ ವಿಷಯದಲ್ಲಿ ಉತ್ತರ ಬೇಕಾದ ಪ್ರಶ್ನೆ ಇದೇ. ಸವೆತದ ಮಂಡಿಯಲ್ಲಿ ಉದುರಿದ ಚೂರುಗಳನ್ನು ಗುಡಿಸಿ ಗುಡಿಸಿ ಕೆರಳಬಹುದು. ಗೌಟ್ ಇದ್ದರೆ ಯೂರಿಕ್ ಆಮ್ಲದ ಹರಳು ಚುಚ್ಚಿರಬಹುದು. 2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕದಲ್ಲಿ ಊರೂರಿಗೆ ಹಬ್ಬಿದಾಗ, ಜ್ವರ ಬಿಟ್ಟರೂ ಕೀಲು ಬಿಡದೆ ನರಳಿದವರು ನಿಮಗೂ ಗೊತ್ತಿರಬೇಕು. ಆ ವೈರಸ್ ಕೆರಳಿಸುವುದೂ ಇದೇ ಪೊರೆಯನ್ನು.

ಎಲ್ಲಕ್ಕಿಂತ ಹಟಮಾರಿ ಕಾಯಿಲೆ ರುಮಟಾಯ್ಡ್ ಆರ್ಥ್ರೈಟಿಸ್. ಇದರಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಪೊರೆಯ ಮೇಲೆ ತಿರುಗಿಬೀಳುತ್ತದೆ. ತೆಳ್ಳಗಿದ್ದ ಪೊರೆ ಬೆಳೆದು ಕಾರ್ಟಿಲೇಜಿನ ಮೇಲೆ ಹಬ್ಬಿ ಅದನ್ನೂ ಎಲುಬನ್ನೂ ಕೊರೆಯುತ್ತದೆ. ಹೀಗೆ ಹಬ್ಬಿದ ಪೊರೆಗೆ ಪ್ಯಾನಸ್ ಅಂತ ಹೆಸರು. ಲ್ಯಾಟಿನ್‌ನಲ್ಲಿ ಬಟ್ಟೆ ಅಂತ ಅರ್ಥ. ನಮ್ಮ ದೊಡ್ಡಮ್ಮನಿಗೆ ಶುರುವಾದದ್ದು ಬೆರಳಿನಿಂದ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿ ಹಿಡಿಯೋಕೇ ಆಗ್ತಿರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಕೈ ಸಡಿಲವಾಗುತ್ತಿತ್ತು. ವಯಸ್ಸಾಯ್ತು ಅಂತ ಎಣ್ಣೆ ತಿಕ್ಕಿಕೊಂಡೇ ಒಂದು ವರ್ಷ ಕಳೆದರು. ಆ ಒಂದು ವರ್ಷ ವಾಪಸ್ ಬರಲಿಲ್ಲ ಅನ್ನುವ ಸಂಕಟ ನನಗೆ ಈಗಲೂ ಇದೆ. ಕೊರೆದುಹೋದ ಎಲುಬು ಮೊದಲಿನಂತಾಗುವುದು ಕಷ್ಟ. ಬೇಗ ಔಷಧಿ ಶುರುಮಾಡಿದ್ದರೆ ಪೊರೆಯನ್ನು ತಡೆಯಬಹುದಿತ್ತು.

ಅದಕ್ಕೇ ಹೇಳುತ್ತೇನೆ, ನೀರು ತೆಗೆಸಿ. ತೆಗೆದದ್ದನ್ನು ಚೆಲ್ಲಲು ಬಿಡದೆ ಲ್ಯಾಬಿಗೆ ಕಳಿಸಲು ಕೇಳಿ. ಬಿಳಿ ರಕ್ತಕಣ ಎಷ್ಟಿವೆ, ಹರಳು ಇದೆಯಾ, ಬ್ಯಾಕ್ಟೀರಿಯಾ ಇದೆಯಾ ಅಂತ ಆ ನೀರೇ ಹೇಳುತ್ತೆ. ಅನುಮಾನವಿದ್ದರೆ ರಕ್ತದಲ್ಲಿ ಆಂಟಿ ಸಿಸಿಪಿ (ರುಮಟಾಯ್ಡ್‌ನ ಸುಳಿವು ಕೊಡುತ್ತೆ), ಸಿಆರ್‌ಪಿ (ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸುತ್ತೆ) ಪರೀಕ್ಷೆ ಮಾಡಿಸುತ್ತಾರೆ. ಕೀಲಿನೊಳಗೆ ಸ್ಟೆರಾಯ್ಡ್ ಕೊಟ್ಟರೆ ಪೊರೆ ಕೆಲವು ವಾರ ತಣ್ಣಗಾಗಬಹುದು, ಆದರೆ ಕಾಯಿಲೆ ರುಮಟಾಯ್ಡ್ ಆಗಿದ್ದರೆ ಅಷ್ಟೇ ಸಾಲದು. ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಬೇಕಾಗುತ್ತದೆ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ.

ಮಂಡಿ ಕೆಂಪಾಗಿ ಸುಡುತ್ತಿದ್ದು, ಜ್ವರವೂ ಇದ್ದು, ಕಾಲೂರಲೂ ಆಗದಿದ್ದರೆ ಮಾತ್ರ ಕಾಯಬೇಡಿ. ಕೀಲಿನೊಳಗೆ ಕೀವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಇವತ್ತಿನಿಂದ ಡಾಕ್ಟರನ್ನು ಕಾಣುವ ದಿನದವರೆಗೆ ಒಂದು ಕೆಲಸ ಮಾಡಿ. ಅಮ್ಮ ಎದ್ದ ಮೇಲೆ ಕೈಕಾಲಿನ ಬಿಗಿತ ಬಿಡಲು ಎಷ್ಟು ನಿಮಿಷ ಹಿಡಿಯಿತು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಸವೆತದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಗಂಟೆ ದಾಟುತ್ತಿದ್ದರೆ, ಅದರಲ್ಲೂ ಎರಡೂ ಕೈಗಳ ಬೆರಳಿನ ಗೆಣ್ಣುಗಳು ಊದಿದ್ದರೆ, ಆ ಹಾಳೆಯನ್ನು ರುಮಟಾಲಜಿಸ್ಟ್, ಅಂದರೆ ಇಂಥ ಕೀಲಿನ ಕಾಯಿಲೆಗಳ ತಜ್ಞರ ಹತ್ತಿರ ತೆಗೆದುಕೊಂಡು ಹೋಗಿ.