ಮೂರೇ ವರ್ಷದಲ್ಲಿ ಮುಗಿಸಿ ಏನು ಮಾಡುತ್ತಾಳೆ?

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪದವಿ ಓದುತ್ತಲೇ ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿಯಂಥ ಕೋರ್ಸುಗಳಿಗೆ ಅಣಿಯಾಗುವ ಮಕ್ಕಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಆಗಸ್ಟ್ ಬಂತೆಂದರೆ ಕನ್ನಡದ ಮನೆಗಳಿಂದ ಬರುವ ಮೊದಲ ಪ್ರಶ್ನೆ ಬಹುತೇಕ ಒಂದೇ: “ಮಗಳು ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ಕೋರ್ಸುಗಳನ್ನು ಓದಿ ಬೇಕಾದಷ್ಟು ಕ್ರೆಡಿಟ್ ಗಳಿಸಿದ್ದಾಳೆ. ಪ್ರೀ-ಮೆಡ್ ಮೂರು ವರ್ಷದಲ್ಲಿ ಮುಗಿಸಬಹುದಲ್ಲವೇ?” ಮುಗಿಸಬಹುದು. ಮುಗಿಸಿ ಏನು ಮಾಡುತ್ತಾಳೆ ಎಂಬುದು ನನ್ನ ಮರುಪ್ರಶ್ನೆ.

ಈ ಅವಸರ ಎಲ್ಲಿಂದ ಬಂತೆಂದು ನನಗೆ ಗೊತ್ತಿದೆ. ಊರಿನಲ್ಲಿ ಪಿಯುಸಿ ಮುಗಿಯುತ್ತಿದ್ದಂತೆ ನೀಟ್, 720 ಅಂಕ, ಒಂದು ರ‍್ಯಾಂಕ್, ಕೆಇಎ ಕೌನ್ಸೆಲಿಂಗ್. ಒಂದು ಮಧ್ಯಾಹ್ನದಲ್ಲಿ ಹಣೆಬರಹ ಇತ್ಯರ್ಥವಾಗಿಬಿಡುತ್ತದೆ. ಅಲ್ಲಿ ಒಂದು ವರ್ಷ ಹೋಯಿತೆಂದರೆ ನಿಜಕ್ಕೂ ಹೋಯಿತು. ಇಲ್ಲಿಯ ವ್ಯವಸ್ಥೆಯ ಬುಡವೇ ಬೇರೆ. 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಕಾಲೇಜು ಆರಂಭವಾದಾಗ ಪದವೀಧರರನ್ನು ಮಾತ್ರ ಸೇರಿಸಿಕೊಳ್ಳುವುದಾಗಿ ಪಟ್ಟು ಹಿಡಿಯಿತು. ಅಮೆರಿಕದ ವೈದ್ಯಕೀಯ ಶಿಕ್ಷಣವನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿ ಆ ಕಾಲೇಜನ್ನೇ ಮಾದರಿಯೆಂದು ಎತ್ತಿ ಹಿಡಿಯಿತು. ಮುಂದೆ ಅದೇ ರೂಢಿಯಾಯಿತು: ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷ ಎಂಡಿ ಅಥವಾ ಡಿಓ (ಇಲ್ಲಿ ಇವೆರಡೂ ನಮ್ಮ ಎಂಬಿಬಿಎಸ್‌ನಂಥ ಮೂಲ ವೈದ್ಯ ಪದವಿಗಳು), ಆಮೇಲೆ ವಿಭಾಗಕ್ಕೆ ತಕ್ಕಂತೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಹೈಸ್ಕೂಲಿನಿಂದಲೇ ಸೀಟು ಕಾಯ್ದಿರಿಸುವ ಬಿಎಸ್-ಎಂಡಿ ಕಾರ್ಯಕ್ರಮಗಳೂ ಇವೆ, ಆದರೆ ಸೀಟುಗಳು ಬೆರಳೆಣಿಕೆಯಷ್ಟು.

ಪ್ರೀ-ಮೆಡ್ ಎಂಬುದು ಹೆಚ್ಚಿನ ಕಡೆ ಪದವಿಯ ಹೆಸರಲ್ಲ, ವೈದ್ಯಕೀಯ ಕಾಲೇಜು ಸೇರಲು ಬೇಕಾದ ಕೋರ್ಸುಗಳ ಗುಂಪು. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ ಇವು ಸಾಮಾನ್ಯವಾಗಿ ತಲಾ ಒಂದು ವರ್ಷ, ಪ್ರಯೋಗಾಲಯ ಸಹಿತ; ಜೊತೆಗೆ ಬಯೋಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್, ಇಂಗ್ಲಿಷ್ ಬರವಣಿಗೆ, ಸ್ವಲ್ಪ ಸೈಕಾಲಜಿ, ಸೋಷಿಯಾಲಜಿ. ಕಾಲೇಜಿನಿಂದ ಕಾಲೇಜಿಗೆ ಪಟ್ಟಿ ಅಷ್ಟಿಷ್ಟು ಬದಲಾಗುತ್ತದೆ. ಇವಿಷ್ಟನ್ನು ಓದಿದ ಮೇಲೆ ಇತಿಹಾಸದಲ್ಲೋ ಸಂಗೀತದಲ್ಲೋ ಪದವಿ ಪಡೆದರೂ ಅಡ್ಡಿಯಿಲ್ಲ. ಇದನ್ನು ಹೇಳಿದಾಗ ಎದುರು ಕುಳಿತ ತಂದೆಯ ಮುಖದಲ್ಲಿ ಅಪನಂಬಿಕೆ ಕಾಣುತ್ತದೆ, ಮಗನ ಮುಖದಲ್ಲಿ ನಿರಾಳ.

ಮೊದಲ ಹೊಡೆತ ಬೀಳುವುದು ಮೊದಲ ವರ್ಷದಲ್ಲೇ. ಎಪಿ ಕೆಮಿಸ್ಟ್ರಿಯಲ್ಲಿ ಐದಕ್ಕೆ ಐದು ಬಂದಿದೆಯೆಂದು ಸಾಮಾನ್ಯ ರಸಾಯನಶಾಸ್ತ್ರವನ್ನು ಹಾರಿ, ಮನೆ ಬಿಟ್ಟು ಬಂದ ಮೊದಲ ಸೆಮಿಸ್ಟರಿನಲ್ಲೇ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಸೇರುತ್ತಾರೆ. ಪಕ್ಕದಲ್ಲಿ ಕುಳಿತವರು ಕಾಲೇಜಿನ ಪರೀಕ್ಷೆಗೆ ಒಂದು ವರ್ಷ ಪಳಗಿದವರು. ಅಂಕಗಳ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಮೊದಲ ವರ್ಷದ ಜಿಪಿಎ (ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 2.8 ಆಯಿತು ಎಂದುಕೊಳ್ಳೋಣ. ಉಳಿದ ಮೂರು ವರ್ಷ ಅಷ್ಟಷ್ಟೇ ಕ್ರೆಡಿಟ್ ತೆಗೆದುಕೊಂಡು 3.8ರಂತೆ ಓದಿದರೂ ಒಟ್ಟು ಬರುವುದು 3.55. ಎಂಡಿ ಕಾಲೇಜುಗಳಿಗೆ ಸೇರಿದವರ ಸರಾಸರಿ ಈಚಿನ ವರ್ಷಗಳಲ್ಲಿ 3.8ರ ಆಸುಪಾಸಿನಲ್ಲಿದೆ. ಕೋರ್ಸನ್ನು ಮತ್ತೊಮ್ಮೆ ಓದಿ ಹಳೆಯ ಅಂಕ ಅಳಿಸಬಹುದೇ ಎಂದು ಕೇಳುತ್ತಾರೆ. ವಿಶ್ವವಿದ್ಯಾಲಯ ತನ್ನ ಕಡತದಲ್ಲಿ ಅಳಿಸಿದರೂ, ಎಂಡಿ ಅರ್ಜಿಗಳನ್ನು ನೋಡಿಕೊಳ್ಳುವ ಆಮ್‌ಕಾಸ್ ಎರಡನ್ನೂ ಎಣಿಸುತ್ತದೆ. ಸಿ ಒಂದು, ಎ ಒಂದು, ಸರಾಸರಿ ಬಿ. ಡಿಓ ಕಾಲೇಜುಗಳ ಅರ್ಜಿಯಲ್ಲಿ ಹೊಸ ಅಂಕವಷ್ಟೇ ಲೆಕ್ಕಕ್ಕೆ ಬರುವ ರಿಯಾಯಿತಿ ಇತ್ತು, 2017ರಲ್ಲಿ ಅದೂ ನಿಂತಿತು.

ಇದರಿಂದ ಬಾಗಿಲೇ ಮುಚ್ಚಿತು ಎಂದಲ್ಲ. ಎರಡನೆಯ ವರ್ಷದಿಂದ ಏರುತ್ತಾ ಹೋದ ಅಂಕಪಟ್ಟಿಯನ್ನು ಆಯ್ಕೆ ಸಮಿತಿಗಳು ಗಮನಿಸುತ್ತವೆ. ಆದರೆ ಏರಿದ್ದು ಕಾಣಬೇಕಾದರೆ ಸೆಮಿಸ್ಟರುಗಳು ಬೇಕಲ್ಲ! ಮೂರು ವರ್ಷದಲ್ಲಿ ಮುಗಿಸುವ ಅವಸರದ ತೊಂದರೆ ಇರುವುದು ಇಲ್ಲೇ.

ತಾರೀಖುಗಳನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಆಮ್‌ಕಾಸ್ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ, ಮೇ ಕೊನೆ ಅಥವಾ ಜೂನ್ ಆರಂಭದಿಂದ ಸಲ್ಲಿಸಬಹುದು. ತರಗತಿ ಶುರುವಾಗುವುದು ಮರುವರ್ಷದ ಜುಲೈ–ಆಗಸ್ಟಿನಲ್ಲಿ. ಹಾಗಾಗಿ ಪದವಿ ಮುಗಿದ ಬೇಸಿಗೆಯಲ್ಲೇ ಸೇರಬೇಕೆನ್ನುವವರು ಮೂರನೆಯ ವರ್ಷ ಮುಗಿದ ಕೂಡಲೇ ಅರ್ಜಿ ಹಾಕಬೇಕು. ಸಮಿತಿಯ ಮುಂದೆ ಹೋಗುವುದು ಮೂರೇ ವರ್ಷದ ಅಂಕ, ಮೂರೇ ವರ್ಷದ ಅನುಭವ. ನಾಲ್ಕು ವರ್ಷದ ಪದವಿಯನ್ನು ಮೂರಕ್ಕೆ ಇಳಿಸಿದರೆ ತೋರಿಸಲು ಉಳಿಯುವುದು ಎರಡು ವರ್ಷ! ಪದವಿಗೂ ವೈದ್ಯಕೀಯ ಕಾಲೇಜಿಗೂ ನಡುವೆ ಒಂದು ವರ್ಷ ಬಿಟ್ಟವರ ಕೈಯಲ್ಲಿ ಪೂರ್ತಿ ನಾಲ್ಕು ವರ್ಷ ಇರುತ್ತದೆ. ಈಗ ಎಂಡಿ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೆ ಒಂದೋ ಎರಡೋ ವರ್ಷ ಬಿಟ್ಟು ಬಂದವರೇ. ಅಜ್ಜಿ ಫೋನಿನಲ್ಲಿ “ಮಗು ಫೇಲಾಯಿತೇ?” ಎಂದು ಕೇಳಿದರೆ ಈ ಮಾತನ್ನು ಹೇಳಿ.

ವೈದ್ಯಕೀಯ ಕಾಲೇಜು ಸೇರಲು ಬರೆಯುವ ಎಂಕ್ಯಾಟ್ ಪರೀಕ್ಷೆಯಲ್ಲೂ ಇದೇ ಕಥೆ. ನಾಲ್ಕು ಭಾಗ, ಪ್ರತಿ ಭಾಗಕ್ಕೆ 118ರಿಂದ 132, ಒಟ್ಟು 472ರಿಂದ 528. ವಿರಾಮಗಳೂ ಸೇರಿ ಸುಮಾರು ಏಳೂವರೆ ಗಂಟೆ. ಸೇರಿದವರ ಸರಾಸರಿ 512ರ ಸುತ್ತಮುತ್ತ. ಕಂಠಪಾಠದಿಂದ ವಿಜ್ಞಾನದ ಭಾಗಗಳಲ್ಲಿ ಒಂದು ಹಂತದವರೆಗೆ ಹೋಗಬಹುದು. ನಮ್ಮ ಮಕ್ಕಳು ಮುಗ್ಗರಿಸುವುದು ಕಾರ್ಸ್ ಎಂಬ ಓದಿನ ಭಾಗದಲ್ಲಿ: 90 ನಿಮಿಷ, 53 ಪ್ರಶ್ನೆ, ವಿಷಯ ತತ್ವಶಾಸ್ತ್ರವಿರಬಹುದು, ಶಿಲ್ಪಕಲೆಯಿರಬಹುದು. ಅದಕ್ಕೆ ಸೂತ್ರಗಳ ಪುಸ್ತಕ ಇಲ್ಲ. ದಿನವೂ ಗಟ್ಟಿಯಾದ ಗದ್ಯ ಓದಿ ಲೇಖಕರ ವಾದ ಯಾವುದೆಂದು ಹಿಡಿಯುವ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಬೆಳೆಸಿಕೊಂಡವರು ಮಾತ್ರ ಇಲ್ಲಿ ಆರಾಮಾಗಿರುತ್ತಾರೆ. “ಸುಮ್ಮನೆ ಒಮ್ಮೆ ಬರೆದು ನೋಡಲಿ” ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಬರೆದ ಪರೀಕ್ಷೆಯ ಅಂಕಗಳು ಕಾಲೇಜುಗಳಿಗೆ ಕಾಣುತ್ತವೆ, ಜೀವಮಾನದಲ್ಲಿ ಬರೆಯಲು ಸಿಗುವುದೂ ಏಳೇ ಸಲ. ಮನೆಯಲ್ಲೇ ಬರೆಯಲು ಪೂರ್ಣಾವಧಿಯ ಅಭ್ಯಾಸ ಪರೀಕ್ಷೆಗಳಿವೆ. ಅವುಗಳಲ್ಲಿ ಅಂಕ ಸ್ಥಿರವಾದ ಮೇಲೆ ದಿನಾಂಕ ಗೊತ್ತು ಮಾಡಿಕೊಂಡರಾಯಿತು.

ಇನ್ನು ಪುಸ್ತಕದ ಹೊರಗಿನ ಕೆಲಸ. ಆಮ್‌ಕಾಸ್ ಅರ್ಜಿಯಲ್ಲಿ ಇದಕ್ಕೆ 15 ಸಾಲುಗಳಿವೆ, ಪ್ರತಿಯೊಂದಕ್ಕೂ 700 ಅಕ್ಷರ. ಮುಖ್ಯವೆಂದು ಗುರುತಿಸಿದ ಮೂರಕ್ಕೆ ಇನ್ನೂ 1325 ಅಕ್ಷರ ಹೆಚ್ಚು. ಹದಿನೈದನ್ನೂ ತುಂಬಲೇಬೇಕೆಂದು ಹೊರಟ ಅರ್ಜಿಯನ್ನು ದೂರದಿಂದಲೇ ಗುರುತಿಸಬಹುದು: ಮೂರು ಕ್ಲಬ್ಬುಗಳ ಖಜಾಂಚಿ, ಎರಡು ದಿನದ ರಕ್ತದಾನ ಶಿಬಿರ, ಒಂದು ವಾರದ ಸಂಶೋಧನೆ. ವಿದ್ಯಾರ್ಥಿನಿಯೊಬ್ಬಳು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುತ್ತಿದ್ದಳು. ಮೊದಲ ಕರಡಿನಲ್ಲಿ ಆಕೆ ಬರೆದಿದ್ದು “ರೋಗಿಗಳ ಸೇವೆಯಿಂದ ಕರುಣೆ ಮತ್ತು ನಾಯಕತ್ವದ ಗುಣ ಬೆಳೆಸಿಕೊಂಡೆ” ಎಂದು. ಅಲ್ಲಿ ನಿಜವಾಗಿ ಏನಾಗುತ್ತಿತ್ತು ಹೇಳು ಎಂದೆ. ಎಕ್ಸ್‌ರೇ ಕೋಣೆಯ ಹೊರಗೆ ಕಾಯುವಾಗ ವಯಸ್ಸಾದವರು ಪದೇ ಪದೇ ಕೇಳುತ್ತಿದ್ದುದು ನೋವಿನ ಬಗ್ಗೆ ಅಲ್ಲ, ಮನೆಯವರಿಗೆ ತಾನು ಎಲ್ಲಿದ್ದೇನೆಂದು ತಿಳಿಸಿದ್ದಾರೆಯೇ ಎಂದು. ಅದಕ್ಕೇ ವಾರ್ಡಿನಿಂದ ಹೊರಡುವ ಮೊದಲೇ ನರ್ಸಮ್ಮನನ್ನು ವಿಚಾರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ ಎಂದಳು. ಅದನ್ನೇ ಬರೆ ಎಂದೆ. ಕರುಣೆ ಎಂಬ ಮಾತು ಅರ್ಜಿಯಿಂದ ಮಾಯವಾಯಿತು, ಓದಿದವರಿಗೆ ಕರುಣೆ ಕಂಡಿತು. ಇಂಥದ್ದು ಕಣ್ಣಿಗೆ ಬೀಳಲು ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಇರಬೇಕು.

ಬೇಸಿಗೆಯಲ್ಲಿ ಊರಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಮೈಸೂರಿನಲ್ಲೋ ದಾವಣಗೆರೆಯಲ್ಲೋ ಚಿಕ್ಕಪ್ಪನ ನರ್ಸಿಂಗ್ ಹೋಂ ಇರುತ್ತದೆ. “ಬಾ, ನಾಲ್ಕು ಹೊಲಿಗೆ ಹಾಕು, ಕೈ ಪಳಗಲಿ” ಎಂದು ಪ್ರೀತಿಯಿಂದ ಕರೆಯುತ್ತಾರೆ. ಹುಡುಗ ಹಾಕುತ್ತಾನೆ, ಹೆಮ್ಮೆಯಿಂದ ಅರ್ಜಿಯಲ್ಲಿ ಬರೆಯುತ್ತಾನೆ. ಓದುವ ಸಮಿತಿಗೆ ಅದರಲ್ಲಿ ಕಾಣುವುದು ತರಬೇತಿಯಿಲ್ಲದೆ ಬಡ ರೋಗಿಯ ಮೈಮೇಲೆ ಕೈ ಪಳಗಿಸಿಕೊಂಡ ಹುಡುಗ. ಅಮೆರಿಕದಲ್ಲಿ ಮಾಡಲು ಅನುಮತಿಯಿಲ್ಲದ ಕೆಲಸವನ್ನು ವಿದೇಶದಲ್ಲಿಯೂ ಮಾಡಕೂಡದು ಎಂದು ಇಲ್ಲಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟದ ಮಾರ್ಗಸೂಚಿಯೇ ಇದೆ. ಚಿಕ್ಕಪ್ಪನ ಹಿಂದೆ ಕೈಕಟ್ಟಿ ನಿಂತು ನೋಡಲಿ. ಹೊರರೋಗಿಗಳ ಸಾಲಿನಲ್ಲಿ ಕನ್ನಡದಲ್ಲಿ ಮಾತು ಕೇಳಿಸಿಕೊಳ್ಳಲಿ. ಅದೂ ಪೂರಕವಾಗಿ ಮಾತ್ರ; ಮುಖ್ಯ ಅನುಭವ ಇಲ್ಲಿಯದೇ ಆಗಿರಬೇಕು. ಸ್ಕ್ರೈಬ್ (ವೈದ್ಯರ ಟಿಪ್ಪಣಿ ಬರೆದುಕೊಳ್ಳುವವರು), ಇಎಂಟಿ (ಆಂಬುಲೆನ್ಸಿನ ತುರ್ತು ಸಹಾಯಕರು), ನರ್ಸಿಂಗ್ ಸಹಾಯಕಿ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸ್‌ನಲ್ಲಿ ಸ್ವಯಂಸೇವೆ, ಯಾವುದಾದರೂ ಆದೀತು. ಪದವಿಯ ನಂತರ ಬಿಟ್ಟ ಆ ಒಂದು ವರ್ಷಕ್ಕೂ ಇವೇ ಒಳ್ಳೆಯ ಕೆಲಸಗಳು.

ವೈದ್ಯಕೀಯವೊಂದೇ ದಾರಿಯೆಂದು ಹಠ ಹಿಡಿದವರಿಗೆ ಉಳಿದವನ್ನೂ ತೋರಿಸುತ್ತೇನೆ. ದಂತವೈದ್ಯಕ್ಕೆ ಡ್ಯಾಟ್ ಎಂಬ ಬೇರೆಯೇ ಪರೀಕ್ಷೆ. ಫಾರ್ಮಸಿಗೆ ಇದ್ದ ಪಿಕ್ಯಾಟ್ 2024ರಲ್ಲಿ ನಿಂತೇ ಹೋಯಿತು. ಅನೇಕ ಫಾರ್ಮಸಿ ಕಾಲೇಜುಗಳು ಪೂರ್ತಿ ಪದವಿಯನ್ನೂ ಕೇಳುವುದಿಲ್ಲ. ವೈದ್ಯರ ಜೊತೆಗೂಡಿ ಚಿಕಿತ್ಸೆ ನೀಡುವ ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸಿನವರು ರೋಗಿಗಳ ಜೊತೆ ಕಳೆದ ಗಂಟೆಗಳನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಎಣಿಸುತ್ತಾರೆ. ಎಲ್ಲಕ್ಕೂ ಆರಂಭದ ವಿಜ್ಞಾನ ಕೋರ್ಸುಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡನೆಯ ವರ್ಷದಲ್ಲಿ ಮನಸ್ಸು ಬದಲಾದರೂ ನಷ್ಟವಿಲ್ಲ.

ನಿಧಾನಿಸಿ ಎಂದು ಇಷ್ಟೆಲ್ಲ ಹೇಳಿದೆನಾದರೂ, ಈ ಮಾತು ಪೂರ್ತಿ ಸಲ್ಲದ ಮನೆಗಳೂ ಇವೆ, ಅವುಗಳಲ್ಲಿ ನಮ್ಮವೇ ಬಹಳ. ತಂದೆಗೆ ಎಚ್-1ಬಿ ಉದ್ಯೋಗ ವೀಸಾ, ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ಕಾಯುವಿಕೆ, ಮಗು ನಾಲ್ಕರ ವಯಸ್ಸಿನಲ್ಲಿ ಅವಲಂಬಿತರ ಎಚ್-4 ವೀಸಾದಲ್ಲಿ ಬಂದು ಇಲ್ಲೇ ಬೆಳೆದಿರುತ್ತದೆ. 21 ತುಂಬಿದ ದಿನ ಆ ವೀಸಾ ಮುಗಿಯುತ್ತದೆ, ಸಾಮಾನ್ಯವಾಗಿ ಕಾಲೇಜಿನ ಮೂರನೆಯ ವರ್ಷದ ಹೊತ್ತಿಗೆ. ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾದರೆ ಕಿಂಡರ್‌ಗಾರ್ಟನ್ನಿನಿಂದ ಇಲ್ಲೇ ಓದಿದವರೂ ಕಾಗದದಲ್ಲಿ ವಿದೇಶಿ ವಿದ್ಯಾರ್ಥಿ. ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಪರಿಗಣಿಸುವ ವೈದ್ಯಕೀಯ ಕಾಲೇಜುಗಳು ಬಹಳ. ಸರ್ಕಾರಿ ಕಾಲೇಜುಗಳಲ್ಲಂತೂ ಅದೇ ಹೆಚ್ಚು. ಸೇರಿಸಿಕೊಳ್ಳುವ ಕೆಲವು ಕಾಲೇಜುಗಳು ಒಂದರಿಂದ ನಾಲ್ಕು ವರ್ಷದ ಶುಲ್ಕವನ್ನು ಮುಂಗಡವಾಗಿ ಎಸ್ಕ್ರೊ ಎಂಬ ಠೇವಣಿ ಖಾತೆಯಲ್ಲಿಡಲು ಹೇಳುತ್ತವೆ. ಸಂಯುಕ್ತ ಸರ್ಕಾರದ ಸಾಲ ಇವರಿಗೆ ಸಿಗದು. ಎಚ್-4ರಲ್ಲಿ ಇರುವಷ್ಟು ದಿನ ಸಂಬಳದ ಕೆಲಸ ಮಾಡುವಂತಿಲ್ಲ, ಆದ್ದರಿಂದ ಸ್ಕ್ರೈಬ್ ಕೆಲಸ ಬಿಟ್ಟು ಸ್ವಯಂಸೇವೆಯನ್ನೇ ನೆಚ್ಚಿಕೊಳ್ಳಬೇಕು. ಎಫ್-1ರಲ್ಲಿ ಪದವಿಯ ನಂತರದ ವರ್ಷಕ್ಕೆ ಓಪಿಟಿ ಎಂಬ ಕೆಲಸದ ಅನುಮತಿ ಬೇಕು, ಕೆಲಸವೂ ಓದಿದ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಜೀವಶಾಸ್ತ್ರದ ಪದವೀಧರೆಗೆ ಪ್ರಯೋಗಾಲಯದ ಕೆಲಸ ಹೊಂದುತ್ತದೆ, ಸಂಗೀತದ ಪದವೀಧರೆಗೆ ಹೊಂದುವುದಿಲ್ಲ. ಯಾವ ವಿಷಯವಾದರೂ ಆದೀತು ಎಂದು ಮೇಲೆ ಹೇಳಿದ್ದನ್ನು ಇವರ ಮಟ್ಟಿಗೆ ತಿದ್ದಿಕೊಳ್ಳಬೇಕು.

ಊರಿನಿಂದ ಪಿಯುಸಿ ಮುಗಿಸಿ ಪ್ರೀ-ಮೆಡ್‌ಗೆಂದೇ ಬರಲು ಹೊರಟವರಿಗೂ ಈ ಬಾಗಿಲುಗಳೇ ಎದುರಾಗುತ್ತವೆ. ಅಲ್ಲಿಯ ಬಿಎಸ್‌ಸಿ ಹಿಡಿದು ನೇರವಾಗಿ ಇಲ್ಲಿಯ ಎಂಡಿಗೆ ಬರುವುದು ಹೆಚ್ಚಿನ ಕಡೆ ಸಾಧ್ಯವಿಲ್ಲ. ಅಂಥವರಿಗೆ ಎಂಬಿಬಿಎಸ್ ಮುಗಿಸಿ, ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಬರೆದು ರೆಸಿಡೆನ್ಸಿಗೆ ಬರುವ ಹಳೆಯ ದಾರಿಯೇ ಹತ್ತಿರ.

ಹಣದ ಮಾತು ಪೌರರಿಗೂ ಬಿಗಿಯಾಗಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಸಂಯುಕ್ತ ಸರ್ಕಾರದ ಸಾಲ ಇಲ್ಲ. ವೃತ್ತಿಪರ ಕೋರ್ಸುಗಳಿಗೆ ಸಂಯುಕ್ತ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರಿಗೆ ಸೀಮಿತ. ಖಾಸಗಿ ವೈದ್ಯಕೀಯ ಕಾಲೇಜಿನ ನಾಲ್ಕು ವರ್ಷದ ಒಟ್ಟು ಖರ್ಚು ಅನೇಕ ಕಡೆ 3 ಲಕ್ಷ ಡಾಲರ್ ದಾಟುತ್ತದೆ. ಪದವಿಗೇ ಉಳಿತಾಯವೆಲ್ಲ ಖಾಲಿ ಮಾಡುವ ದುಬಾರಿ ಕಾಲೇಜಿಗಿಂತ ರಾಜ್ಯದ ವಿಶ್ವವಿದ್ಯಾಲಯವೇ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಎಚ್-4ರ ಮನೆಯವರು ನನ್ನ ಬಳಿ ಮೂರನೆಯ ವರ್ಷದಲ್ಲಿ ಬರುತ್ತಾರೆ, ಬರಬೇಕಾದ್ದು ಮೊದಲ ವರ್ಷದಲ್ಲಿ. ಮಗುವಿನ ಹುಟ್ಟಿದ ದಿನ, ಗ್ರೀನ್ ಕಾರ್ಡಿನ ಪ್ರಯಾರಿಟಿ ದಿನಾಂಕ (ಸಾಲಿನಲ್ಲಿ ಸರದಿ ಗೊತ್ತುಮಾಡುವ ದಿನ), ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತರು ಹಾಕುವ ಐ-140 ಅರ್ಜಿ ಮಂಜೂರಾಗಲು ಹಿಡಿದ ಅವಧಿ, ಈ ಮೂರನ್ನೂ ಬರೆದುಕೊಂಡು ಮೊದಲು ವಲಸೆ ವಕೀಲರ ಬಳಿ ಹೋಗಿ. ಆ ಅವಧಿಯನ್ನು ಕಳೆಯುವುದರಿಂದ ಗ್ರೀನ್ ಕಾರ್ಡಿಗೆ ಎಣಿಸುವ ಕೆಲವರ ಕಾನೂನಿನ ವಯಸ್ಸು ತಿಂಗಳುಗಳಷ್ಟು ಕಡಿಮೆಯಾಗುವುದೂ ಉಂಟು. ಆ ಉತ್ತರ ಕೈಗೆ ಬಂದ ಮೇಲೆ ಮಗಳನ್ನು ಕರೆದುಕೊಂಡು ನನ್ನಂಥವರ ಕಚೇರಿಗೆ ಬನ್ನಿ, ನಾಲ್ಕು ವರ್ಷವೋ ಐದೋ ಎಂದು ಆಗ ಕೂತು ಲೆಕ್ಕ ಹಾಕೋಣ.