ನಮ್ಮ ಗದ್ದೆಗೆ ಯಾರೂ ಬಂದಿಲ್ಲ, ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ಯೂರಿಯಾ ಹಾಕಿದ ಜಮೀನಿನಿಂದ ನೈಟ್ರಸ್ ಆಕ್ಸೈಡ್ ಹೊರಟು ಭೂಮಿ ಬಿಸಿಯಾಗುತ್ತಿದೆ ಎನ್ನುತ್ತಾರೆ. ಇಡೀ ಜಗತ್ತಿನಿಂದ ವರ್ಷಕ್ಕೆ ಇಷ್ಟು ಟನ್ ಎಂದೂ ಹೇಳುತ್ತಾರೆ. ನಮ್ಮ ಗದ್ದೆಗೆ ಬಂದು ಯಾರೂ ಅಳೆದಿಲ್ಲವಲ್ಲ?
(ಕಬ್ಬು ಬೆಳೆಗಾರರು, ಮಂಡ್ಯ)

ಉತ್ತರ: ಅಳೆಯುವುದು ಗಾಳಿಯನ್ನು. ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಕನ್ನಂಬಾಡಿ ಕಟ್ಟೆಯ ಒಳಹರಿವು ಇಷ್ಟು ಕ್ಯೂಸೆಕ್ ಎಂದು ಹೇಳಲು ಕೊಡಗಿನ ಹಳ್ಳಕೊಳ್ಳಗಳನ್ನೆಲ್ಲ ಅಳೆಯಬೇಕಿಲ್ಲ. ನೀರಿನ ಮಟ್ಟ ಎಷ್ಟು ಏರಿತು, ನಾಲೆಗೂ ನದಿಗೂ ಎಷ್ಟು ಬಿಟ್ಟರು ಎಂಬುದು ಗೊತ್ತಿದ್ದರೆ ಬಂದದ್ದೆಷ್ಟು ಎಂದು ಲೆಕ್ಕ ಹಾಕಬಹುದು.

ವಾಯುಮಂಡಲಕ್ಕೂ ಅದೇ ಲೆಕ್ಕ. ಹವಾಯಿಯ ಮೌನಾ ಲೋವಾ, ಆಸ್ಟ್ರೇಲಿಯಾದ ಕೇಪ್ ಗ್ರಿಮ್, ದಕ್ಷಿಣ ಧ್ರುವದಂಥ ಕಡೆ ದಶಕಗಳಿಂದ ಗಾಳಿಯನ್ನು ಪರೀಕ್ಷಿಸುತ್ತಿದ್ದಾರೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 270 ನೈಟ್ರಸ್ ಆಕ್ಸೈಡ್ ಅಣುಗಳಿದ್ದವು. 2023ರಲ್ಲಿ ಸುಮಾರು 337. ಈ ಅಂಕಿಯ ಒಂದೊಂದು ಅಣುವೂ ಇಡೀ ವಾಯುಮಂಡಲದಲ್ಲಿ ಸುಮಾರು 48 ಲಕ್ಷ ಟನ್ ಸಾರಜನಕಕ್ಕೆ ಸಮ (ಈ ಅನಿಲವನ್ನು ಅದರಲ್ಲಿರುವ ಸಾರಜನಕದ ತೂಕದಲ್ಲಿ ಎಣಿಸುತ್ತಾರೆ). ಅಂದರೆ ಮೇಲಿರುವ ದಾಸ್ತಾನು 160 ಕೋಟಿ ಟನ್ನಿನ ಆಸುಪಾಸು. ಈ ಅನಿಲ ಹಾಳಾಗುವುದು ಮುಖ್ಯವಾಗಿ ಎತ್ತರದ ಸ್ತರಗೋಳದಲ್ಲಿ, ಬಿಸಿಲಿನ ಹೊಡೆತಕ್ಕೆ. ಆಯುಸ್ಸು ಸುಮಾರು 120 ವರ್ಷವಾದ್ದರಿಂದ ವರ್ಷಕ್ಕೆ ಸುಮಾರು 1.35 ಕೋಟಿ ಟನ್ ಕಳೆಯುತ್ತದೆ. ಆದರೂ ಮಟ್ಟ ವರ್ಷಕ್ಕೆ ಒಂದು ಅಣುವಿನಷ್ಟು ಏರುತ್ತಿದೆ. ಕಳೆದದ್ದನ್ನೂ ಏರಿದ್ದನ್ನೂ ಕೂಡಿಸಿದರೆ ಸುಮಾರು 1.8 ಕೋಟಿ ಟನ್. ಅರ್ಧಕ್ಕಿಂತ ಹೆಚ್ಚು ಕಾಡು, ಮಣ್ಣು, ಸಮುದ್ರಗಳಿಂದ ಸಹಜವಾಗಿಯೇ ಬರುತ್ತದೆ. ಮನುಷ್ಯರ ಪಾಲಿನಲ್ಲಿ ಸಿಂಹಪಾಲು ಕೃಷಿಯದು.

ಇಷ್ಟಕ್ಕೆ ಕಾಗದ, ಪೆನ್ನು ಸಾಕು. ಯಾವ ದೇಶದಿಂದ ಎಷ್ಟು ಎಂದು ಕೇಳಿದಾಗಲೇ ಕಂಪ್ಯೂಟರ್ ಮಾದರಿ ಬೇಕಾಗುವುದು. ಗೊಬ್ಬರ ಬಳಕೆ, ಮಣ್ಣು, ಬೆಳೆಗಳನ್ನು ನೋಡಿ ಮೊದಲು ಒಂದು ಅಂದಾಜು ನಕ್ಷೆ ಮಾಡುತ್ತಾರೆ. ಆಯಾ ದಿನದ ನಿಜವಾದ ಗಾಳಿ ಬೀಸಿದ ದಿಕ್ಕು, ವೇಗಗಳನ್ನು ಮಾದರಿಗೆ ಕೊಟ್ಟು, ಆ ಅನಿಲ ಪ್ರತಿ ಕೇಂದ್ರಕ್ಕೆ ಎಷ್ಟು ತಲುಪಬೇಕಿತ್ತು ಎಂದು ನೋಡುತ್ತಾರೆ. ಅಳತೆಗೂ ಲೆಕ್ಕಕ್ಕೂ ತಾಳೆಯಾಗದಿದ್ದರೆ, ತಾಳೆಯಾಗುವವರೆಗೆ ನಕ್ಷೆಯನ್ನು ತಿದ್ದುತ್ತಾರೆ.

ತೊಡಕುಗಳೂ ಇವೆ. 337ರ ಮೇಲೆ ಒಂದು ಪ್ರದೇಶದ ಹೊರಸೂಸುವಿಕೆ ಮೂಡಿಸುವ ಏರಿಳಿತ ಬಲು ಸಣ್ಣದು. ನೈಟ್ರಸ್ ಆಕ್ಸೈಡ್ ಕಡಿಮೆಯಿರುವ ಸ್ತರಗೋಳದ ಗಾಳಿ ಕೆಳಗಿಳಿದಾಗ, ನೆಲದಿಂದ ಹೊರಡುವುದೇ ತಗ್ಗಿತೇನೋ ಎನ್ನಿಸಿಬಿಡುತ್ತದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೇಂದ್ರಗಳ ಕೊರತೆ. ಲಡಾಖ್‌ನ ಹಾನ್ಲೆ, ಪುದುಚೇರಿ, ಪೋರ್ಟ್ ಬ್ಲೇರ್‌ಗಳಲ್ಲಿ ಗಾಳಿಯ ಮಾದರಿ ಸಂಗ್ರಹಿಸಿದ್ದುಂಟು. ಇಷ್ಟು ದೊಡ್ಡ ದೇಶಕ್ಕೆ ಅದು ಯಾತಕ್ಕೂ ಸಾಲದು. ಕೇಂದ್ರವಿಲ್ಲದ ಕಡೆ ಕಂಪ್ಯೂಟರ್ ಮಾದರಿ ಮೊದಲಿನ ಅಂದಾಜನ್ನೇ ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುತ್ತದೆ.

ಹಾಗೆಂದು ತಳ್ಳಿಹಾಕುವಂತಿಲ್ಲ. 45 ಕಿಲೋ ಯೂರಿಯಾ ಮೂಟೆಯಲ್ಲಿ ಶೇ. 46, ಅಂದರೆ 20.7 ಕಿಲೋ ಸಾರಜನಕ. ಅದರ ಶೇ. 1ರಷ್ಟು ನೇರವಾಗಿ ಜಮೀನಿನಿಂದಲೇ ನೈಟ್ರಸ್ ಆಕ್ಸೈಡ್ ಆಗುತ್ತದೆಂಬುದು ರೂಢಿಯ ಅಂದಾಜು. ಅದು ಸುಮಾರು 325 ಗ್ರಾಂ ಅನಿಲ, ಬಿಸಿ ಹಿಡಿಯುವುದರಲ್ಲಿ 89 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ನಾಲೆಗೆ ಕೊಚ್ಚಿಹೋದ ಗೊಬ್ಬರದಿಂದ ಬೇರೆಡೆ ಹುಟ್ಟುವುದನ್ನೂ ಸೇರಿಸಿದರೆ ಇದು ಶೇ. 1.4ರ ಹತ್ತಿರ. ಆದರೆ ಮೂರು ವಾಯುಮಂಡಲ ಮಾದರಿಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಸಿಕ್ಕ ಜಾಗತಿಕ ಸರಾಸರಿ ಶೇ. 2.3. ಕಡತದ ಅಂಕಿ ಕಡಿಮೆಯಿತ್ತೆಂದು ಗಾಳಿಯೇ ತೋರಿಸಿತು.

ನಿಮ್ಮ ಗದ್ದೆಯದು ಎಷ್ಟು ಎಂಬುದನ್ನು ಮಾತ್ರ ಯಾವ ಜಾಗತಿಕ ಮಾದರಿಯೂ ಹೇಳಲಾರದು. ಅದಕ್ಕೆ ಸಾಲಿನ ಮೇಲೆ ಪೆಟ್ಟಿಗೆ ಬೋರಲು ಹಾಕಿ, ನಿಮಿಷಗಳ ಅಂತರದಲ್ಲಿ ಸಿರಿಂಜಿನಿಂದ ಗಾಳಿ ಎಳೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅದನ್ನೂ ಮೇಲುಗೊಬ್ಬರ ಕೊಟ್ಟು ನೀರು ಹಾಯಿಸಿದ ಮರುದಿನದಿಂದಲೇ ಶುರು ಮಾಡಬೇಕು. ಹೆಚ್ಚು ಅನಿಲ ಹೊರಡುವುದು ಆ ಕೆಲವೇ ದಿನಗಳಲ್ಲಿ.